ಹಿಮ ಬೀಳುವ ಮುನ್ನ

ನಾಟಿಗೆ ಸಿದ್ಧಗೊಳಿಸಿದ ಭತ್ತದ ಗದ್ದೆಗೆ ಇಳಿದವರೆಲ್ಲರಿಗೂ ಒಂದು ಅನುಭವವುಂಟು. ಬರಿಗಾಲನ್ನಿಟ್ಟರೆ ಅದು ಕೆಸರಿನಲ್ಲಿ ಹೂತುಹೋಗುವುದು. ಅದೇ ಕೆಸರಿನ ಮೇಲೆ ಅಗಲವಾದ ಹಲಗೆಯೊಂದನ್ನು ಹಾಕಿ ನಿಂತರೆ ಅಷ್ಟಾಗಿ ಹೂಳುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರು ಸೀಮೆಯ ಸಾಲಗುಂದದಲ್ಲಿ ಇದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಹಲಗೆಯನ್ನೇ ನೀಳವಾಗಿ, ಹಗುರವಾಗಿ ಮಾಡಿ ಪಾದಕ್ಕೆ ಕಟ್ಟಿಕೊಂಡರೆ ಅದು ಹಿಮದ ನಾಡಿನ ‘ಸ್ಕೀ’ ಆಗುವುದು.

ಲೆಕ್ಕವೂ ಸುಲಭ. 60 ಕಿಲೋಗ್ರಾಂ ತೂಕದ ಯುವಕನೊಬ್ಬನು ಒಂಟಿ ಕಾಲಿನ ಮೇಲೆ ನಿಂತಿರುವನೆಂದು ಭಾವಿಸೋಣ. ಅವನ ಅಂಗಾಲಿನ ವಿಸ್ತೀರ್ಣ ಸುಮಾರು 150 ಚದರ ಸೆಂಟಿಮೀಟರ್. ಎರಡು ಮೀಟರ್ ಉದ್ದ, 4.4 ಸೆಂಟಿಮೀಟರ್ ಅಗಲವಿರುವ ಸ್ಕೀಯ ವಿಸ್ತೀರ್ಣ 880 ಚದರ ಸೆಂಟಿಮೀಟರ್. ತೂಕ ಅದೇ, ವಿಸ್ತೀರ್ಣ ಸುಮಾರು ಆರರಷ್ಟು. ಆದುದರಿಂದ ಒತ್ತಡವು ಆರನೆಯ ಒಂದು ಪಾಲಿಗೆ ಇಳಿಯುವುದು. ಮೆತ್ತನೆಯ ಹಿಮವು ಅವನನ್ನು ಹೊತ್ತು ನಿಲ್ಲುವುದು.

ಈ ಲೆಕ್ಕವನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಯೊಬ್ಬನು, “ಹಿಮವನ್ನೇ ಕಾಣದ ಊರಿನವರಿಗೆ ಈ ಆಟದ ಮಾತೇಕೆ, ಸರ್?” ಎಂದು ಕೇಳಿದನು. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕುತ್ತ ನಾವು ಹಿಮದ ನಾಡಿಗೇ ಹೋಗಿ ನೋಡೋಣ.

ಅಮೆರಿಕದಲ್ಲಾಗಲಿ ನಾರ್ವೆಯಲ್ಲಾಗಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಹುತೇಕ ಊರುಗಳಲ್ಲಿ ಹಿಮವಿರುವುದಿಲ್ಲ. ಆದರೂ ವಿಶ್ವವಿದ್ಯಾನಿಲಯಗಳ ಸ್ಕೀ ತಂಡಗಳಿಗೆ ಅದು ಬಿಡುವಿನ ಕಾಲವಲ್ಲ. ವಾರದ ಕೊನೆಯ ಎರಡು ದಿನ ತಂಡವೆಲ್ಲ ಗುಡ್ಡಗಾಡಿನ ಪ್ರದೇಶಕ್ಕೆ ಹೋಗಿ ಬೀಡುಬಿಡುವುದುಂಟು. ಅಲ್ಲಿ ಬೆಳಗ್ಗೆ ಕೈಯಲ್ಲಿ ಊರುಗೋಲುಗಳನ್ನು ಹಿಡಿದು ಏರುದಾರಿಯಲ್ಲಿ ನೆಗೆನೆಗೆದು ಓಡುವರು. ನಾಲ್ಕು ನಿಮಿಷ ಬಿರುಸಿನ ಓಟ, ಅನಂತರ ಮೂರು ನಿಮಿಷ ನಿಧಾನದ ನಡಿಗೆ, ಮತ್ತೆ ಓಟ. ಮಧ್ಯಾಹ್ನದ ಮೇಲೆ ತೋಳು, ಬೆನ್ನು, ಹೊಟ್ಟೆಗಳ ಸ್ನಾಯುಗಳಿಗೆ ವ್ಯಾಯಾಮ. ಮರುದಿನ ಎರಡು ಮೂರು ಗಂಟೆಗಳ ಕಾಲ ಬೆಟ್ಟದ ದಾರಿಯಲ್ಲಿ ಮೆಲ್ಲನೆಯ ಓಟ. ಇವುಗಳ ನಡುವೆ ಡಾಂಬರು ರಸ್ತೆಯ ಮೇಲೆ ಗಾಲಿ ಸ್ಕೀಗಳ ಅಭ್ಯಾಸ.

ಈ ಗಾಲಿ ಸ್ಕೀ ಎಂಬುದು ಮೊಳಕ್ಕಿಂತ ಸ್ವಲ್ಪ ಉದ್ದನೆಯ ಪಟ್ಟಿ. ಅದರ ಎರಡು ತುದಿಗಳಲ್ಲಿ ಸಣ್ಣ ಗಾಲಿಗಳಿರುವುವು. ನಡಿಗೆಯ ಶೈಲಿಗೆ ಬಳಸುವ ಬಗೆಯಲ್ಲಿ ಗಾಲಿಯು ಮುಂದಕ್ಕೆ ಮಾತ್ರ ಉರುಳುವಂತೆ ತಡೆಯನ್ನು ಅಳವಡಿಸಿರುವರು. ಹಿಮದ ಮೇಲೆ ಸ್ಕೀಗಿರುವ ಪ್ರತಿರೋಧ ಎಷ್ಟೋ, ಹೆಚ್ಚು ಕಡಿಮೆ ಅಷ್ಟೇ ಪ್ರತಿರೋಧವನ್ನು ಕೊಡುವ ಗಾಲಿಗಳನ್ನು ಆರಿಸಿಕೊಳ್ಳುವರು. ಸಾಮಾನ್ಯವಾಗಿ ಇದಕ್ಕೆ ನಿಲುಗಡೆಯ ಬಿರಿ ಇರುವುದಿಲ್ಲ. ಆದುದರಿಂದ ಶಿರಸ್ತ್ರಾಣವಿಲ್ಲದೆ ಇದನ್ನು ಕಟ್ಟಿಕೊಳ್ಳಬಾರದು.

ಹಿಮವಿಲ್ಲದೆ ಹಿಮದ ಆಟವನ್ನು ಕಲಿಯಲು ಸಾಧ್ಯವೇ? ಇಲ್ಲಿ ಭೌತಶಾಸ್ತ್ರವು ನಮಗೆ ಸಹಾಯ ಮಾಡುವುದು. ನಮ್ಮ ಯುವಕನ ತೂಕ ಸುಮಾರು 600 ನ್ಯೂಟನ್. ಹಿಮದ ಘರ್ಷಣಾಂಕವನ್ನು 0.03 ಎಂದಿಟ್ಟುಕೊಂಡರೆ ಅವನನ್ನು ತಡೆಯುವ ಬಲ 18 ನ್ಯೂಟನ್ ಮಾತ್ರ. ಈಗ ದಾರಿಯು 20 ಮೀಟರಿಗೆ ಒಂದು ಮೀಟರಿನಂತೆ ಏರಿತೆನ್ನೋಣ. ಗುರುತ್ವವು ಅವನನ್ನು ಹಿಂದಕ್ಕೆ ಎಳೆಯುವ ಬಲ 30 ನ್ಯೂಟನ್! ಅಲ್ಪವಾದ ಏರಿನಲ್ಲಿಯೇ ಗುರುತ್ವವು ಘರ್ಷಣೆಯನ್ನು ಮೀರಿಸುವುದು. ಸ್ಪರ್ಧೆಯ ದಾರಿಯಲ್ಲಿ ಮೂರನೆಯ ಒಂದು ಭಾಗದಷ್ಟು ಮಾತ್ರ ಏರುದಾರಿ. ಆದರೆ ಕಾಲದ ಅರ್ಧದಷ್ಟು ಅಲ್ಲಿಯೇ ಕಳೆಯುವುದು. ಗೆಲುವು ಸೋಲುಗಳು ಬಹುಮಟ್ಟಿಗೆ ಏರಿನಲ್ಲಿ ನಿರ್ಧಾರವಾಗುವುವು. ಗುರುತ್ವಕ್ಕಾದರೋ ಹಿಮ ಬೇಕಿಲ್ಲ. ನಾರ್ವೆಯಲ್ಲಿಯೂ ಸಾಲಗುಂದದಲ್ಲಿಯೂ ಅದು ಹೆಚ್ಚು ಕಡಿಮೆ ಒಂದೇ.

ಗುರುತ್ವದೊಡನೆ ಸೆಣಸಲು ದೇಹಕ್ಕೆ ಬೇಕಾದುದು ಆಮ್ಲಜನಕ. ನಮ್ಮ ನೆರೆಯ ಮಸ್ಕಿಯಲ್ಲಿ, ಅಶೋಕನ ಶಾಸನದಿಂದ ಪ್ರಸಿದ್ಧವಾದ ಆ ಊರಿನಲ್ಲಿ, ಗುಡ್ಡವುಂಟು. ಅಂತಹ ಗುಡ್ಡದಲ್ಲಿ 100 ಮೀಟರ್ ಎತ್ತರವನ್ನು ಏರಿದರೆ ನಮ್ಮ ಯುವಕನು ಮಾಡುವ ಕೆಲಸ ಸುಮಾರು 59,000 ಜೂಲ್. ಸ್ನಾಯುಗಳ ದಕ್ಷತೆ ಸುಮಾರು ನಾಲ್ಕನೆಯ ಒಂದು ಪಾಲು. ಆದುದರಿಂದ ಖರ್ಚಾಗುವ ಶಕ್ತಿ 2,36,000 ಜೂಲ್. ಒಂದು ಲೀಟರ್ ಆಮ್ಲಜನಕದಿಂದ ದೇಹವು ಪಡೆಯುವ ಶಕ್ತಿ ಸುಮಾರು 20,000 ಜೂಲ್. ಅಂದರೆ ಈ ಏರಿಕೆಗೆ 12 ಲೀಟರಿನಷ್ಟು ಆಮ್ಲಜನಕ ಬೇಕು. ಅದನ್ನು ಹತ್ತು ನಿಮಿಷಗಳಲ್ಲಿ ಒದಗಿಸುವ ದೇಹಕ್ಕಿಂತ ಐದೇ ನಿಮಿಷಗಳಲ್ಲಿ ಒದಗಿಸುವ ದೇಹವು ಮುಂದೆ ಹೋಗುವುದು.

ಸಾಮಾನ್ಯ ಯುವಕನ ದೇಹವು ಪ್ರತಿ ಕಿಲೋಗ್ರಾಂ ತೂಕಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 40–45 ಮಿಲಿಲೀಟರ್ ಆಮ್ಲಜನಕವನ್ನು ಬಳಸಬಲ್ಲದು. ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನದ ಪದಕ ಗೆದ್ದ ನಾರ್ವೆಯ ಬ್ಯೋರ್ನ್ ದೇಲಿಯಲ್ಲಿ ಇದು 96 ಇದ್ದಿತೆಂದು ವರದಿಯಾಗಿದೆ. ಇದರಲ್ಲಿ ಹುಟ್ಟಿನ ಪಾಲೂ ಉಂಟು, ಸಾಧನೆಯ ಪಾಲೂ ಉಂಟು. ದೀರ್ಘಕಾಲದ ಸಾಧನೆಯಿಂದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುವುದು. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುವು. ಉನ್ನತ ದರ್ಜೆಯ ಸ್ಪರ್ಧಿಗಳು ವರ್ಷಕ್ಕೆ 700ರಿಂದ 900 ಗಂಟೆಗಳಷ್ಟು ಸಾಧನೆ ಮಾಡುವರು. ಅದರ ಬಹುಭಾಗವು ಬಿರುಸಿನದಲ್ಲ. ಜೊತೆಯವನೊಡನೆ ಮಾತನಾಡುತ್ತ ಓಡಬಹುದಾದಷ್ಟು ಸಾವಧಾನದ್ದು.

ಇದು ದೂರದ ನಾಡಿನ ಕಥೆ ಮಾತ್ರವಲ್ಲ. ಹಿಮ ಬೀಳದ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಈ ಕ್ರೀಡೆಯನ್ನು ಕೈಗೊಂಡು, 2025ರಲ್ಲಿ ಚಿಲಿ ದೇಶದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ಓಟದಲ್ಲಿ ಕಂಚಿನ ಪದಕವನ್ನು ಗಳಿಸಿದರು.

ಹಾಗೆಂದು ಎಲ್ಲವನ್ನೂ ಡಾಂಬರಿನ ಮೇಲೆ ಕಲಿಯಬಹುದೆಂದು ಹೇಳಿದರೆ ಅದು ಸತ್ಯಕ್ಕೆ ದೂರ. ಜಾರುವ ಹಿಮದ ಮೇಲೆ ಸಮತೋಲ, ಇಳಿಜಾರಿನ ತಿರುವು, ಹಿಮದ ಗುಣಕ್ಕೆ ತಕ್ಕ ಮೇಣವನ್ನು ಬಳಿಯುವ ಜಾಣ್ಮೆ — ಇವುಗಳನ್ನು ಹಿಮವೇ ಕಲಿಸಬೇಕು. ಅಲ್ಲಿಗೆ ಹೋಗಲು ಹಣವೂ ಬೇಕು, ನೆರವೂ ಬೇಕು. ಆದರೆ ಹೃದಯವನ್ನೂ ಸ್ನಾಯುವನ್ನೂ ಹದಗೊಳಿಸುವ ಕೆಲಸಕ್ಕೆ ಹಿಮವನ್ನು ಕಾಯಬೇಕಾಗಿಲ್ಲ.

ನಮ್ಮ ವಿದ್ಯಾರ್ಥಿಗೆ ನಾವು ಕೊಟ್ಟ ಉತ್ತರವೂ ಇದೇ. ಬರುವ ಭಾನುವಾರ ಗಡಿಯಾರವನ್ನು ಹಿಡಿದು ಗುಡ್ಡವನ್ನು ಹತ್ತು. ನಿನ್ನ ತೂಕ, ಏರಿದ ಎತ್ತರ, ತೆಗೆದುಕೊಂಡ ಕಾಲ ಇವನ್ನು ಬರೆದಿಡು. ಎರಡು ತಿಂಗಳು ಕ್ರಮವಾಗಿ ಓಡಿ ಮತ್ತೆ ಹತ್ತಿ ನೋಡು. ಬದಲಾದುದು ಗುಡ್ಡವಲ್ಲವೆಂದು ಆ ಅಂಕಿಗಳೇ ಹೇಳುವುವು.