ವೈದ್ಯಸಹಾಯಕನೂ ಡಾಕ್ಟರೇಟೂ

ಕಾನಹೊಸಹಳ್ಳಿಯಂತಹ ಊರಿನಲ್ಲಿ ‘ಡಾಕ್ಟರು’ ಎಂದೊಡನೆ ನಮಗೆ ನೆನಪಾಗುವವರು ವೈದ್ಯರು. ಆದರೆ ಭೌತವಿಜ್ಞಾನದಲ್ಲಿ ಸಂಶೋಧನೆ ನಡೆಸಿ ಪದವಿ ಪಡೆದವರೂ ಡಾಕ್ಟರರೇ. ಆ ಲ್ಯಾಟಿನ್ ಪದದ ಮೂಲಾರ್ಥ ‘ಬೋಧಿಸುವವನು’ ಎಂದು. ಈ ಭೇದವನ್ನರಿತರೆ ವೈದ್ಯಸಹಾಯಕರ ಡಾಕ್ಟರೇಟಿನ ಸ್ವರೂಪ ಸುಲಭವಾಗಿ ತಿಳಿಯುವುದು.

ಫಿಜಿಷಿಯನ್ ಅಸಿಸ್ಟೆಂಟ್ ಎನಿಸುವ ವೈದ್ಯಸಹಾಯಕನು ವೈದ್ಯರ ಮೇಲ್ವಿಚಾರಣೆಯಲ್ಲಿ ರೋಗಿಯನ್ನು ವಿಚಾರಿಸಿ ಪರೀಕ್ಷಿಸುವನು, ಶಸ್ತ್ರಕ್ರಿಯೆಯಲ್ಲಿ ನೆರವಾಗುವನು. ಈ ಶಿಕ್ಷಣವನ್ನು 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಅವರು ನಾಲ್ವರು ವಿದ್ಯಾರ್ಥಿಗಳೊಡನೆ ಆರಂಭಿಸಿದರು. ಭಾರತದಲ್ಲಿ ಅದು 1992ರಲ್ಲಿ ಮದರಾಸಿನಲ್ಲಿ ಮೊದಲಾಯಿತು. 2021ರ ಕೇಂದ್ರ ಕಾನೂನು ಈ ವೃತ್ತಿಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿತು.

ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳು ಉದ್ಯೋಗದಲ್ಲಿರುವ ಸಹಾಯಕರಿಗೆ, ಅವರು ಕೆಲಸ ಬಿಡದೆಯೇ ಓದುವಂತೆ, ‘ವೈದ್ಯಕೀಯ ವಿಜ್ಞಾನದ ಡಾಕ್ಟರ್’ ಪದವಿಯನ್ನು ಏರ್ಪಡಿಸಿವೆ. ಶಸ್ತ್ರಕ್ರಿಯೆಯಾದ ಕೆಲವರಿಗೆ ಮಾತ್ರ ಗಾಯ ಕೀವುಗಟ್ಟುವುದೇಕೆ? ಅನುಭವವುಳ್ಳವನು ಇದನ್ನು ಗಮನಿಸುವನು. ಸಂಶೋಧನೆ ಕಲಿತವನು ಎಣಿಸಿ, ಹೋಲಿಸಿ, ಅದು ಆಕಸ್ಮಿಕವೇ ಅಲ್ಲವೇ ಎಂದು ಶೋಧಿಸುವನು. ಅನುಭವವನ್ನು ಹೀಗೆ ಅಳತೆಗೆ ತರುವುದೇ ವಿಜ್ಞಾನವಲ್ಲವೆ?

ಆದರೆ ಈ ಪದವಿಯಿಂದ ಸಹಾಯಕನು ವೈದ್ಯನಾಗುವುದಿಲ್ಲ. ತನ್ನೆದುರು ನಿಂತವರು ಯಾರೆಂಬುದನ್ನು ತಿಳಿಯುವ ಹಕ್ಕು ರೋಗಿಗುಂಟು. ಕೂಡ್ಲಿಗಿ ಸೀಮೆಯ ನಮ್ಮ ವಿದ್ಯಾರ್ಥಿಗಳು ಇಂತಹ ಶಿಕ್ಷಣವನ್ನು ಆರಿಸುವಾಗ ಬಿರುದು ಯಾವುದೆಂದು ಕೇಳುವ ಮುನ್ನ, ಕಾನೂನು ಯಾವ ಕೆಲಸಕ್ಕೆ ಅನುಮತಿ ನೀಡುವುದೆಂದು ವಿಚಾರಿಸಲಿ.