ಅಜ್ಜಿ ಮೆಚ್ಚಿದರೆ ಫೋನು ಗೆದ್ದಂತೆ!

ಮಕ್ಕಳೇ, ಮದುವೆಮನೆಯಲ್ಲಿ ಗಮನಿಸಿದ್ದೀರಾ? ಅಡುಗೆಯವರು, ವಾಲಗದವರು, ಚಪ್ಪರದವರು, ಬಡಿಸುವವರು ಹೀಗೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ. ಆದರೆ ಯಾರು ಯಾವಾಗ ಏನು ಮಾಡಬೇಕೆಂದು ಹೇಳುವ ಉಸ್ತುವಾರಿ ಇಲ್ಲದಿದ್ದರೆ, ತಾಳಿ ಕಟ್ಟುವ ಹೊತ್ತಿಗೆ ವಾಲಗದವರು ಊಟಕ್ಕೆ ಕೂತಿರುತ್ತಾರೆ! ಮೊಬೈಲ್ ಫೋನಿನೊಳಗೂ ಅಷ್ಟೆ. ಪರದೆ, ಕ್ಯಾಮೆರಾ, ಸ್ಪೀಕರ್, ಬ್ಯಾಟರಿ, ಆ್ಯಪ್‌ಗಳು ಎಲ್ಲವನ್ನೂ ಹೊಂದಿಸಿಕೊಂಡು ನಡೆಸುವ ಉಸ್ತುವಾರಿಯೊಂದು ಒಳಗಿದೆ. ಅದೇ ಆಪರೇಟಿಂಗ್ ಸಿಸ್ಟಂ.

ಇಂದು ಬಹುತೇಕ ಸ್ಮಾರ್ಟ್‌ಫೋನುಗಳಲ್ಲಿ ಇರುವುದು ಎರಡೇ ಉಸ್ತುವಾರಿಗಳು: ಗೂಗಲ್‌ನ ಆಂಡ್ರಾಯ್ಡ್ ಮತ್ತು ಆಪಲ್‌ನ ಐಓಎಸ್. ಇನ್ನೂ ಹಲವು ಬಂದವು, ಹೋದವು. ಹೋದವುಗಳಲ್ಲಿ ಚೆಂದದವೂ ಇದ್ದವು. ಹಾಗಾದರೆ ಜನ ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವುದು ಏಕೆ?

ಅಂಗಡಿಗಳಿಲ್ಲದ ಊರು

ಮೈಕ್ರೋಸಾಫ್ಟ್ 2010ರಲ್ಲಿ ವಿಂಡೋಸ್ ಫೋನ್ ಎಂಬ ವ್ಯವಸ್ಥೆಯನ್ನು ತಂದಿತು. ಪರದೆಯ ತುಂಬ ಬಣ್ಣಬಣ್ಣದ ದೊಡ್ಡ ಚೌಕಗಳು. ಕಡಿಮೆ ಬೆಲೆಯ ಫೋನಿನಲ್ಲೂ ಅದು ಸರಾಗವಾಗಿ ಓಡುತ್ತಿತ್ತು. ಮರುವರ್ಷ ನೋಕಿಯಾ ಕಂಪನಿಯೂ ಕೈಜೋಡಿಸಿತು. 2014ರಲ್ಲಿ ನೋಕಿಯಾದ ಫೋನ್ ವ್ಯಾಪಾರವನ್ನೇ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಆದರೂ ಗೆಲ್ಲಲಿಲ್ಲ.

ಕಾರಣ, ಆ್ಯಪ್‌ಗಳ ಕೊರತೆ. ಐಫೋನಿಗೆ 2010ರಲ್ಲೇ ಬಂದ ಇನ್‌ಸ್ಟಾಗ್ರಾಂ, ವಿಂಡೋಸ್ ಫೋನಿಗೆ ಬಂದದ್ದು 2013ರಲ್ಲಿ. ರಸ್ತೆ ಅಗಲವಾಗಿದೆ, ಮನೆಗಳು ಸುಂದರವಾಗಿವೆ, ಆದರೆ ಊರಲ್ಲಿ ಅಂಗಡಿಯೇ ಇಲ್ಲ ಎಂದರೆ ಯಾರು ತಾನೇ ವಾಸಕ್ಕೆ ಬರುತ್ತಾರೆ? ‘ಬಳಸುವವರೇ ಇಲ್ಲ, ಆ್ಯಪ್ ಏಕೆ ಮಾಡಲಿ’ ಎಂದರು ತಯಾರಕರು. ‘ಆ್ಯಪ್‌ಗಳೇ ಇಲ್ಲ, ಫೋನು ಏಕೆ ಕೊಳ್ಳಲಿ’ ಎಂದರು ಜನ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎನ್ನುತ್ತಾರಲ್ಲ, ಹಾಗಾಯಿತು ಕಥೆ. 2019ರ ಕೊನೆಗೆ ವಾಟ್ಸ್‌ಆ್ಯಪ್ ಕೂಡ ಆ ಫೋನುಗಳನ್ನು ಬಿಟ್ಟಿತು.

ಗುಂಡಿ ಒತ್ತುವ ಜಾಣ ಫೋನು

ಇದಕ್ಕೆ ಎದುರಾದ ಕಥೆ ಕೈಓಎಸ್‌ನದು. ಇದರ ಮೂಲ ಮೊಝಿಲ್ಲಾ ಸಂಸ್ಥೆ 2013ರಲ್ಲಿ ಮಾರುಕಟ್ಟೆಗೆ ಬಿಟ್ಟ ಫೈರ್‌ಫಾಕ್ಸ್ ಓಎಸ್. ಅದು ಸ್ಮಾರ್ಟ್‌ಫೋನುಗಳ ಜೊತೆ ಸೆಣಸಲಾಗದೆ ಸೋತಿತು. ಅದೇ ತಳಹದಿಯ ಮೇಲೆ, ಗುಂಡಿಗಳಿರುವ ಚಿಕ್ಕ ಫೋನಿಗೆ ತಕ್ಕಂತೆ ಕೈಓಎಸ್ ಬಂತು. 2017ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾದ ಜಿಯೋಫೋನ್‌ನಲ್ಲಿ ಇದ್ದದ್ದು ಇದೇ. 1,500 ರೂಪಾಯಿ ಠೇವಣಿ ಇಟ್ಟರೆ ಫೋನು ಕೈಗೆ. ಮುಟ್ಟುಪರದೆ ಇಲ್ಲ; ಅಜ್ಜ-ಅಜ್ಜಿಯರಿಗೆ ರೂಢಿಯಾಗಿದ್ದ ಅಂಕಿಗಳ ಗುಂಡಿಗಳೇ. 2018ರಲ್ಲಿ ವಾಟ್ಸ್‌ಆ್ಯಪ್, ಯೂಟ್ಯೂಬ್ ಕೂಡ ಅದಕ್ಕೆ ಬಂದವು. ‘ಜನರೇ ಫೋನಿಗೆ ಒಗ್ಗಿಕೊಳ್ಳಲಿ’ ಎನ್ನದೆ, ಜನರ ಜೇಬಿಗೂ ಬೆರಳಿಗೂ ಫೋನೇ ಒಗ್ಗಿಕೊಂಡಿತು. ಹೀಗಾಗಿ ಅದು ಲಕ್ಷಾಂತರ ಮನೆಗಳನ್ನು ಸೇರಿತು.

‘ಕ್ರಿ’ ಬರೆಯುವುದು ಸುಲಭವಲ್ಲ!

ಬೆಲೆ ಸರಿಯಿದೆ, ಆ್ಯಪ್ ಇದೆ. ಭಾಷೆ? ನಾವು ‘ಕ್ರಿಕೆಟ್’ ಎಂದು ಬರೆಯುವಾಗ ಯೋಚಿಸುವುದೇ ಇಲ್ಲ. ಆದರೆ ಅದರ ಮೊದಲ ಅಕ್ಷರ ‘ಕ್ರಿ’ ಫೋನಿಗೆ ನಾಲ್ಕು ಸಂಖ್ಯೆಗಳು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ‘ಕ’ ಎಂದರೆ 3221, ಅರ್ಧಾಕ್ಷರದ ಗುರುತು 3277, ‘ರ’ ಎಂದರೆ 3248, ಗುಡಿಸು 3263. ಗುಡಿಸು ಕೊನೆಯಲ್ಲಿ ಬಂದರೂ ಅದನ್ನು ‘ಕ’ಕಾರಕ್ಕೆ ಸೇರಿಸಿ ‘ಕಿ’ ಮಾಡಬೇಕು, ‘ರ’ವನ್ನು ಒತ್ತಾಗಿಸಿ ಪಕ್ಕದಲ್ಲಿ ಕೂರಿಸಬೇಕು. ಇಷ್ಟನ್ನೂ ಕಣ್ಣು ಮಿಟುಕಿಸುವುದರೊಳಗೆ ಮಾಡುವುದು ಆಪರೇಟಿಂಗ್ ಸಿಸ್ಟಂ.

ಅದಕ್ಕೆ ಈ ವಿದ್ಯೆ ಬಾರದಿದ್ದರೆ ಪರದೆಯ ಮೇಲೆ ಕಾಣುವುದು ಖಾಲಿ ಡಬ್ಬಿಗಳ ಸಾಲು, ಇಲ್ಲವೇ ಒತ್ತಕ್ಷರ ಒಡೆದುಹೋದ ಪದಗಳು. 2012ರಲ್ಲಿ ಆಂಡ್ರಾಯ್ಡ್‌ನ 4.1 ಆವೃತ್ತಿಗೆ ಕನ್ನಡ, ತೆಲುಗು, ಮಲಯಾಳಂ ಸೇರುವ ಮೊದಲು ಅನೇಕ ಫೋನುಗಳ ಪಾಡು ಇದೇ ಆಗಿತ್ತು. ಐಫೋನಿಗೆ ಆಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ.

ಅಕ್ಷರ ಮೂಡಿದರೆ ಸಾಲದು, ಮಾತು ಅರ್ಥವೂ ಆಗಬೇಕು. ಫೋನಿನ ಪಟ್ಟಿಗಳಲ್ಲಿರುವ ಕನ್ನಡ, ಮನೆಯಲ್ಲಾಡುವ ಕನ್ನಡಕ್ಕೆ ಹತ್ತಿರವಿರಬೇಕು. ಗಡುಸು ಪದ ಕಂಡ ತಾತ ‘ಇದಕ್ಕಿಂತ ಇಂಗ್ಲಿಷೇ ವಾಸಿ’ ಎಂದರೆ, ಕನ್ನಡ ಕೊಟ್ಟೂ ಕೊಡದಂತೆ.

ಕಣ್ಣಿಗೆ ಕಣ್ಣಾಗಿ, ಕಿವಿಗೆ ಕಿವಿಯಾಗಿ

ವಯಸ್ಸಾದಂತೆ ಕಣ್ಣು ಮಂಜಾಗುತ್ತದೆ, ಕಿವಿ ಮಂದವಾಗುತ್ತದೆ, ಬೆರಳು ನಡುಗುತ್ತದೆ. ಒಳ್ಳೆಯ ಉಸ್ತುವಾರಿ ಇದನ್ನು ತಿಳಿದಿರಬೇಕು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ 2009ರಿಂದಲೇ ಎರಡೂ ಕಡೆ ಇದೆ: ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್. ಎದುರಿಗಿರುವವರು ಆಡಿದ ಮಾತನ್ನು ಅಕ್ಷರ ಮಾಡಿ ತೋರಿಸುವ ಲೈವ್ ಟ್ರಾನ್ಸ್‌ಕ್ರೈಬ್ 2019ರಲ್ಲಿ ಬಂತು. ಕೊರತೆ ಏನೆಂದರೆ, ಇವೆಲ್ಲ ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಅಡಗಿ ಕೂತಿರುತ್ತವೆ. ಬೇಕಾದವರ ಕಣ್ಣಿಗೇ ಕಾಣದ ಸೌಲಭ್ಯದಿಂದ ಏನು ಪ್ರಯೋಜನ?

ಬಾಗಿಲು ಕಾಯುವುದೂ ಉಸ್ತುವಾರಿಯ ಹೊಣೆ. ಮದುವೆಯ ಕರೆಯೋಲೆಯ ಸೋಗಿನಲ್ಲಿ ವಾಟ್ಸ್‌ಆ್ಯಪ್‌ಗೆ ಎಪಿಕೆ ಎಂಬ ಕಡತ ಕಳಿಸಿ, ಬ್ಯಾಂಕಿನ ಹಣ ದೋಚುವ ಕಳ್ಳರಿದ್ದಾರೆ. ಅದನ್ನು ಒತ್ತಿದಾಗ ಆಂಡ್ರಾಯ್ಡ್ ತಡೆದು ‘ಒಳಗೆ ಬಿಡಲೇ?’ ಎಂದು ಕೇಳುತ್ತದೆ. ಆ ಎಚ್ಚರಿಕೆ ಅಜ್ಜಿಗೆ ಓದಲು ಬರುವ ಭಾಷೆಯಲ್ಲಿ, ಅರ್ಥವಾಗುವ ಮಾತಿನಲ್ಲಿ ಇದ್ದರೆ ಮಾತ್ರ ಹಣ ಉಳಿದೀತು.

ಕಳ್ಳರು ದಿನಕ್ಕೊಂದು ಹೊಸ ಉಪಾಯ ಹುಡುಕುವುದರಿಂದ ಭದ್ರತೆಯ ಅಪ್‌ಡೇಟ್ ಬರುತ್ತಲೇ ಇರಬೇಕು. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಗುವ ಫೋನುಗಳು ಬಹಳ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, ಮರುವರ್ಷ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ಭರವಸೆ ಕೊಟ್ಟವು. ಆದರೆ ಇವು ದುಬಾರಿ ಫೋನುಗಳು. ಒಂದು ಫೋನು ಕೊಂಡರೆ ಹಾಳಾಗುವವರೆಗೂ ಬಳಸುವವರು ಹಿರಿಯರೇ. ಅವರು ಕೊಳ್ಳುವ ಅಗ್ಗದ ಫೋನಿಗೇ ಇಂಥ ಭರವಸೆ ಮೊದಲು ಬೇಕಿತ್ತು.

ಹೊಸ ಬಳಕೆದಾರರನ್ನು ಗೆಲ್ಲಬೇಕೆನ್ನುವ ಯಾವುದೇ ವ್ಯವಸ್ಥೆಗೆ ಇನ್ನೊಂದು ಕ್ಯಾಮೆರಾ, ಇನ್ನಷ್ಟು ವೇಗ ಸಾಲದು. ಮೊಮ್ಮಗುವಿನ ಸಹಾಯ ಕೇಳದೆ ತಾತ ತಾವೇ ಬಳಸುವಂತಿದ್ದರೆ ಅದು ಗೆದ್ದಂತೆ.

ಈ ಭಾನುವಾರ ಮಾಡಿ ನೋಡಿ

• ಅಜ್ಜ-ಅಜ್ಜಿಯ ಫೋನಿನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿ. ಎಷ್ಟು ದೊಡ್ಡದು ಬೇಕೆಂದು ಅವರನ್ನೇ ಕೇಳಿ.

• ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಅರ್ಥವಾಗದ ಪದಗಳನ್ನು ಪಟ್ಟಿ ಮಾಡಿ, ನಿಮ್ಮದೇ ಸುಲಭ ಪದ ಹುಡುಕಿ.

• ತುರ್ತು ಕರೆ 112, ಸೈಬರ್ ವಂಚನೆಯ ದೂರು 1930 – ಎರಡನ್ನೂ ಹೆಸರು ಸಹಿತ ಸೇರಿಸಿಡಿ.

• ಹೇಳಿಕೊಡುವಾಗ ಫೋನು ಅವರ ಕೈಯಲ್ಲೇ ಇರಲಿ. ಕಸಿದುಕೊಂಡು ನೀವೇ ಮಾಡಿದರೆ, ಕಲಿಯುವುದು ಬೆರಳಲ್ಲ, ಕಣ್ಣು ಮಾತ್ರ!