ಎತ್ತರದ ಟೈರ್ ಹಾಕುವ ಮುನ್ನ: ಹೊಂದಿಸಬಹುದಾದ ಸಸ್ಪೆನ್ಷನ್ ಆಯ್ಕೆ ಹೇಗೆ?

ಹುಮನಾಬಾದ್: ಪುಣೆ–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಬಸವಕಲ್ಯಾಣದ ಸಸ್ತಾಪುರ ಬಂಗ್ಲಾದಿಂದ ಹುಮನಾಬಾದಿಗೆ ಬರುವವರೆಗೆ ಕಾರಿನ ಸಸ್ಪೆನ್ಷನ್ ಬಗ್ಗೆ ಯಾರಿಗೂ ಯೋಚನೆ ಬರುವುದಿಲ್ಲ. ನಾಲ್ಕು ಪಥದ ರಸ್ತೆ, ನೇರ ಓಟ. ಆದರೆ ಅದೇ ಕಾರು ಹೆದ್ದಾರಿ ಬಿಟ್ಟು ಹಳ್ಳಿಯತ್ತ ತಿರುಗಿದಾಗ ಕಥೆಯೇ ಬೇರೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುವ ಎರೆಮಣ್ಣಿನ ಮೇಲೆ ಹಾಕಿದ ಡಾಂಬರು ಹೆಚ್ಚು ಕಾಲ ಸಮತಟ್ಟಾಗಿ ಉಳಿಯುವುದಿಲ್ಲ. ಕಾರಿನ ಹೊಟ್ಟೆ ನೆಲಕ್ಕೆ ತಾಗತೊಡಗಿದಾಗ ಮಾಲೀಕರಿಗೆ ಮೊದಲು ಹೊಳೆಯುವ ಪರಿಹಾರ ಎತ್ತರದ ಟೈರ್. ಅದು ಮಡ್‌ಗಾರ್ಡಿಗೆ ಉಜ್ಜತೊಡಗಿದಾಗ ಹೊಳೆಯುವ ಎರಡನೆಯ ಪರಿಹಾರ, ಎತ್ತರ ಹೊಂದಿಸಬಹುದಾದ ಸಸ್ಪೆನ್ಷನ್.

ಈ ಎರಡನೆಯ ಹೆಜ್ಜೆಯಲ್ಲಿಯೇ ಹೆಚ್ಚಿನ ಹಣ ವ್ಯರ್ಥವಾಗುವುದು. ಕಾರು ಎತ್ತರವಾದರೆ ಟೈರ್ ತಾಗುವುದಿಲ್ಲ, ಪ್ರಯಾಣವೂ ಹಿತವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಎರಡೂ ಅರ್ಧ ಸತ್ಯಗಳು.

ಲೆಕ್ಕ ಮೊದಲು

ಟೈರಿನ ಬದಿಯಲ್ಲಿ 215/75 ಆರ್ 15 ಎಂದಿದ್ದರೆ ಅಗಲ 215 ಮಿ.ಮೀ., ಬದಿಗೋಡೆಯ ಎತ್ತರ ಅದರ ಶೇ 75, ರಿಮ್ಮಿನ ವ್ಯಾಸ 15 ಅಂಗುಲ ಎಂದರ್ಥ. ನಮ್ಮ ಭಾಗದಲ್ಲಿ ಮನೆಮಾತಾಗಿರುವ ಬೊಲೆರೊ ವಾಹನಕ್ಕೆ ಬರುವುದು ಇದೇ ಅಳತೆ. ಇದರ ಒಟ್ಟು ವ್ಯಾಸ ಸುಮಾರು 703 ಮಿ.ಮೀ. ಇದರ ಬದಲು 235/75 ಆರ್ 15 ಹಾಕಿದರೆ ವ್ಯಾಸ ಸುಮಾರು 733 ಮಿ.ಮೀ. ಆಗುತ್ತದೆ. ವ್ಯಾಸ 30 ಮಿ.ಮೀ. ಹೆಚ್ಚಿದರೂ ವಾಹನ ನೆಲದಿಂದ ಮೇಲೇಳುವುದು ಅದರ ಅರ್ಧ, ಅಂದರೆ 15 ಮಿ.ಮೀ. ಮಾತ್ರ. ಇನ್ನುಳಿದ 15 ಮಿ.ಮೀ. ಮೇಲ್ಮುಖವಾಗಿ ಮಡ್‌ಗಾರ್ಡಿನ ಜಾಗವನ್ನು ತಿನ್ನುತ್ತದೆ. ಸ್ಪೀಡೊಮೀಟರ್ ಹಿಂದೆ ಸರಿಯಾಗಿದ್ದಿದ್ದರೆ, ಈಗ ಅದು 80 ತೋರಿಸುವಾಗ ನಿಜವಾದ ವೇಗ ಗಂಟೆಗೆ 83 ಕಿ.ಮೀ. ದಾಟಿರುತ್ತದೆ.

ಸಣ್ಣ ಕಾರುಗಳಲ್ಲಿ ಜಾಗ ಇನ್ನೂ ಕಡಿಮೆ. 185/65 ಆರ್ 15 ಇರುವ ಕಾರಿಗೆ 195/65 ಹಾಕಿದರೆ ಸಿಗುವ ಎತ್ತರ ಆರೂವರೆ ಮಿ.ಮೀ. ಇಷ್ಟಕ್ಕೆ ಸಸ್ಪೆನ್ಷನ್ ಬದಲಿಸುವ ಅಗತ್ಯವೇ ಬೀಳದಿರಬಹುದು. ಮೂಲ ವ್ಯಾಸಕ್ಕಿಂತ ಶೇ 3ರಷ್ಟು ಹೆಚ್ಚಳವನ್ನು ಮಿತಿಯೆಂದು ಇಟ್ಟುಕೊಳ್ಳುವುದು ವಾಡಿಕೆ. ಬೊಲೆರೊದ ಮೇಲಿನ ಉದಾಹರಣೆ ಶೇ 4 ದಾಟುತ್ತದೆ ಎಂಬುದನ್ನು ಗಮನಿಸಬೇಕು.

‘ಹೊಂದಿಸಬಹುದು’ ಎಂದರೆ ಯಾವುದನ್ನು?

ಅಂಗಡಿಯವರು ‘ಅಡ್ಜಸ್ಟೆಬಲ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ಸರಕನ್ನು ಮುಂದಿಡುತ್ತಾರೆ. ಒಂದರಲ್ಲಿ ಶಾಕ್ ಅಬ್ಸಾರ್ಬರಿನ ಗುಂಡಿ ತಿರುಗಿಸಿ ಅದರ ಬಿಗಿಯನ್ನು ಮಾತ್ರ ಬದಲಿಸಬಹುದು. ಎತ್ತರ ಒಂದು ಕೂದಲೆಳೆಯಷ್ಟೂ ಏರುವುದಿಲ್ಲ. ಎರಡನೆಯದರಲ್ಲಿ ಮರೆ ಕೊರೆದ ಕೊಳವೆಯ ಮೇಲಿನ ಉಂಗುರವನ್ನು ಮೇಲಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಕುಳಿತ ತಟ್ಟೆ ಮೇಲೇರಿ ಕಾರೂ ಏರುತ್ತದೆ. ಮೂರನೆಯದರಲ್ಲಿ ತಟ್ಟೆಯ ಜೊತೆಗೆ ಕೆಳಗಿನ ಬ್ರಾಕೆಟ್ಟನ್ನೂ ಪ್ರತ್ಯೇಕವಾಗಿ ಇಳಿಸಿ ಇಡೀ ಶಾಕಿನ ಉದ್ದವನ್ನೇ ಹೆಚ್ಚಿಸಬಹುದು.

ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವೇ ಇಡೀ ವಿಷಯದ ತಿರುಳು. ಚಕ್ರ ದೊಡ್ಡ ಗುಂಡಿಯ ಅಂಚಿಗೆ ಬಡಿದಾಗ ಅದು ಎಲ್ಲಿಯವರೆಗೆ ಮೇಲೇರಬಹುದು ಎಂಬುದನ್ನು ತೀರ್ಮಾನಿಸುವುದು ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡು. ಬರೀ ತಟ್ಟೆ ಏರಿಸಿದರೆ ಆ ರಬ್ಬರ್ ಇದ್ದಲ್ಲಿಯೇ ಇರುತ್ತದೆ. ಗ್ಯಾರೇಜಿನಲ್ಲಿ ನಿಂತ ಕಾರಿನ ಟೈರ್ ಮೇಲೆ ಧಾರಾಳ ಜಾಗ ಕಾಣುತ್ತದೆ. ಐದು ಮಂದಿ ಕುಳಿತು, ಡಿಕ್ಕಿ ತುಂಬಿ, ಗುಂಡಿಗೆ ಇಳಿದಾಗ ಟೈರ್ ಮೊದಲಿನಷ್ಟೇ ಮೇಲೇರಿ ಮಡ್‌ಗಾರ್ಡನ್ನು ಉಜ್ಜುತ್ತದೆ. ಇದಲ್ಲದೆ, ತಟ್ಟೆ ಏರಿಸಿದಷ್ಟೂ ಶಾಕ್ ನಿಂತಲ್ಲಿಯೇ ಚಾಚಿಕೊಂಡಿರುವುದರಿಂದ, ಚಕ್ರ ಗುಂಡಿಯೊಳಕ್ಕೆ ಇಳಿಯಲು ಉಳಿಯುವ ಅವಕಾಶ ಕಡಿಮೆಯಾಗುತ್ತದೆ. ಆಗ ಕೇಳಿಬರುವ ‘ಟಕ್’ ಶಬ್ದವನ್ನು ಅನೇಕರು ಸ್ಪ್ರಿಂಗ್ ಗಟ್ಟಿಯಾಗಿದೆ ಎಂದು ತಿಳಿಯುತ್ತಾರೆ. ಸ್ಪ್ರಿಂಗ್ ಗಟ್ಟಿಯಾಗಿರುವುದಿಲ್ಲ, ಶಾಕಿನ ಚಾಚುವ ಮಿತಿ ಮುಗಿದಿರುತ್ತದೆ.

ಉದ್ದ ಹೆಚ್ಚಿಸಬಹುದಾದ ಮೂರನೆಯ ಬಗೆಯಲ್ಲಿ ಬಂಪ್ ಸ್ಟಾಪ್ ತಾಗುವ ಹಂತದಲ್ಲಿಯೂ ಚಕ್ರ ಅಷ್ಟೇ ಕೆಳಗೆ ನಿಲ್ಲುತ್ತದೆ. ಮೇಲೆ ಕೆಳಗೆ ಚಲಿಸುವ ಅವಕಾಶವೂ ಉಳಿಯುತ್ತದೆ. ಬೆಲೆ ಹೆಚ್ಚು, ನಿಜ. ಆದರೆ ಎತ್ತರದ ಟೈರಿಗೆ ಹೊಂದುವುದು ಅದೇ. ಒಂದು ಎಚ್ಚರಿಕೆ: ಇಂತಹ ಜೋಡಣೆಗಳಲ್ಲಿ ಹಲವು ಕಾರನ್ನು ತಗ್ಗಿಸಲೆಂದೇ ತಯಾರಾದವು. ಮೂಲ ಎತ್ತರಕ್ಕಿಂತ ಎಷ್ಟು ಮೇಲೇರಬಲ್ಲದು ಎಂಬ ಅಂಕಿಯನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕುವ ಅಗ್ಗದ ಉಪಾಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಕೆಲವು ಸುರುಳಿಗಳ ಕೆಲಸ ನಿಲ್ಲಿಸಿ ಸ್ಪ್ರಿಂಗನ್ನು ನಿಜಕ್ಕೂ ಗಟ್ಟಿ ಮಾಡುತ್ತದೆ.

ಸುಮೊ, ಹಳೆಯ ಥಾರ್ ಇದ್ದವರಿಗೆ

ಟಾಟಾ ಸುಮೊ, 2010ರಲ್ಲಿ ಬಂದ ಮೊದಲ ಥಾರ್ ಮುಂತಾದ ವಾಹನಗಳ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗಿನ ಬದಲು ತಿರುಚುವ ಉಕ್ಕಿನ ಸರಳು, ಅಂದರೆ ಟಾರ್ಶನ್ ಬಾರ್ ಇದೆ. ಅದರ ಬೋಲ್ಟ್ ತಿರುಗಿಸಿದರೆ ಖರ್ಚಿಲ್ಲದೆ ಮುಂಭಾಗ ಏರುತ್ತದೆ. ಇದು ಬಾಗಿದ ಹಳೆಯ ಸರಳನ್ನು ಮೂಲ ಎತ್ತರಕ್ಕೆ ತರಲು ಇರುವ ವ್ಯವಸ್ಥೆ. ಅತಿಯಾದರೆ ಮೇಲೆ ಹೇಳಿದ ‘ಟಕ್’ ಶಬ್ದ ಇಲ್ಲಿಯೂ ತಪ್ಪದು. ಹಿಂಭಾಗದ ಕಮಾನುಪಟ್ಟಿಗೆ ಇನ್ನೊಂದು ಪಟ್ಟಿ ಸೇರಿಸುವುದು ಲಾರಿ ಕೆಲಸಕ್ಕೆ ಹೆಸರಾದ ನಮ್ಮ ಗ್ಯಾರೇಜುಗಳಿಗೆ ಕೈಗೂಡಿದ ವಿದ್ಯೆ. ಸರಕು ಹೊರುವ ಗಾಡಿಗೆ ಅದು ಸರಿ. ಇಬ್ಬರೇ ಓಡಾಡುವ ಗಾಡಿಗೆ ಅದು ಬೆನ್ನುಮೂಳೆಗೆ ಶಿಕ್ಷೆ.

ಹಿಂಭಾಗ ಎತ್ತರಿಸುವವರು ತಪ್ಪದೆ ನೋಡಬೇಕಾದ ಇನ್ನೊಂದು ಭಾಗವಿದೆ. ಕೆಲವು ವಾಹನಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿಯ ನಡುವಿನ ಅಂತರವನ್ನು ಒಂದು ಕಡ್ಡಿಯ ಮೂಲಕ ಅಳೆದು, ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿಗೆ ಒತ್ತಡ ಕಳುಹಿಸುವ ವಾಲ್ವ್ ಇರುತ್ತದೆ. ಅಂತರ ಹೆಚ್ಚಿದರೆ ಗಾಡಿ ಖಾಲಿಯಿದೆ ಎಂದು ಅದು ಲೆಕ್ಕ ಹಾಕಿ ಹಿಂದಿನ ಬ್ರೇಕನ್ನು ತಗ್ಗಿಸುತ್ತದೆ. ಮದುವೆ ದಿಬ್ಬಣ ತುಂಬಿಕೊಂಡು ಹೆದ್ದಾರಿಯಲ್ಲಿ ಸಾಗುವಾಗ ಇದರ ಪರಿಣಾಮವನ್ನು ಊಹಿಸಬಹುದು. ಎತ್ತರಿಸಿದ ನಂತರ ಆ ಕಡ್ಡಿಯನ್ನು ಮರುಹೊಂದಿಸದ ಗ್ಯಾರೇಜಿನಿಂದ ವಾಹನ ಹೊರಗೆ ತರಬಾರದು. ಬ್ರೇಕ್ ಹೋಸ್ ಪೈಪು ಬಿಗಿಯಾಗಿಲ್ಲವೆಂಬುದನ್ನೂ, ಮುಂಚಕ್ರ ಚಾಲನೆಯ ಕಾರಾದರೆ ಆಕ್ಸಲ್ ಜಾಯಿಂಟಿನ ಕೋನವನ್ನೂ ಪರೀಕ್ಷಿಸಿಕೊಳ್ಳಬೇಕು.

ಎರೆಮಣ್ಣಿನ ಲೆಕ್ಕ ಬೇರೆ

ಖರೀದಿಗೆ ಮುನ್ನ ಒಂದು ಪರೀಕ್ಷೆ ಮಾಡಬಹುದು. ಹೊಸ ಅಳತೆಯ ಒಂದು ಜೊತೆ ಟೈರನ್ನು ಹಾಕಿಸಿ, ಒಂದು ಮುಂಚಕ್ರವನ್ನೂ ಅದರ ಕರ್ಣದ ಹಿಂಚಕ್ರವನ್ನೂ ಗಟ್ಟಿ ಮರದ ದಿಮ್ಮಿಗಳ ಮೇಲೇರಿಸಿ, ಸ್ಟೇರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಬೇಕು. ಡಾಂಬರಿನಲ್ಲಿಯೇ ಓಡುವ ಕಾರಿಗೆ ಒಂದು ಬೆರಳು ಜಾಗ ಉಳಿದರೆ ಸಾಕೆನ್ನಬಹುದು. ನಮ್ಮ ಭಾಗಕ್ಕೆ ಸಾಲದು. ಒದ್ದೆಯಾದ ಎರೆಮಣ್ಣು ಟೈರಿಗೆ ಮೆತ್ತಿಕೊಂಡು ಸುತ್ತಿನಿಂದ ಸುತ್ತಿಗೆ ದಪ್ಪವಾಗುತ್ತ ಮಡ್‌ಗಾರ್ಡಿನೊಳಗೆ ಗಡ್ಡೆಗಟ್ಟುತ್ತದೆ. ಎತ್ತಿನ ಬಂಡಿಯ ಗಾಲಿಯನ್ನು ಕಟ್ಟಿಗೆಯಿಂದ ಕೆರೆದ ರೈತರಿಗೆ ಇದು ಹೊಸದಲ್ಲ. ಒಣಗಿದ ಗಡ್ಡೆ ಟೈರನ್ನೂ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಕೆರೆಯುತ್ತದೆ. ಹುಲಸೂರು ಕಡೆಯ ಹೊಲದ ದಾರಿಗಳಲ್ಲಿ ಓಡಾಡುವವರು ಒಂದು ಅಳತೆ ಕಡಿಮೆ ಟೈರ್ ಆಯ್ದು ಜಾಗ ಉಳಿಸಿಕೊಳ್ಳುವುದೇ ಜಾಣತನವೆಂಬುದು ನಮ್ಮ ಅಭಿಪ್ರಾಯ.

ಕಾನೂನು ಮತ್ತು ವಿಮೆ

ಮೋಟಾರು ವಾಹನ ಕಾಯ್ದೆ 1988ರ 52ನೇ ವಿಧಿಯಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ವಿಧಿಸಬಹುದು. ಅದೇ ಮಾದರಿಯ ಮೇಲಿನ ಆವೃತ್ತಿಗೆ ಕಂಪನಿಯೇ ನೀಡುವ ಟೈರ್ ಅಳತೆಯನ್ನು ಆಯ್ದುಕೊಳ್ಳುವುದು ಹೆಚ್ಚು ಸುರಕ್ಷಿತ. ಸಸ್ಪೆನ್ಷನ್ ಬದಲಿಸುವುದಿದ್ದರೆ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು.

ಜೋಡಣೆ ಮುಗಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಬೆಳಕನ್ನು ಕೆಳಕ್ಕೆ ಹೊಂದಿಸಿಕೊಳ್ಳಬೇಕು. ಶಾಕಿನ ಗುಂಡಿಯನ್ನು ನಡುವಿನ ಹಂತದಲ್ಲಿಟ್ಟು ಒಂದು ರೋಡ್ ಹಂಪ್ ದಾಟಿ ನೋಡಿ: ಕಾರು ಒಮ್ಮೆ ಎದ್ದು ಕುಳಿತು ಸುಮ್ಮನಾದರೆ ಸರಿ, ಮತ್ತೆ ತೂಗಿದರೆ ಒಂದು ಹಂತ ಬಿಗಿ ಮಾಡಬೇಕು. ಹೊಸ ಸ್ಪ್ರಿಂಗುಗಳು ಕೆಲವು ಮಿ.ಮೀ. ಕುಸಿಯುವುದು ಸಹಜವಾದ್ದರಿಂದ ಸಾವಿರ ಕಿ.ಮೀ. ನಂತರ ಎತ್ತರ ಮತ್ತು ಅಲೈನ್‌ಮೆಂಟ್ ಎರಡನ್ನೂ ಮತ್ತೊಮ್ಮೆ ಅಳೆಸಬೇಕು.